ಬೇರಿಂಗ್ ಸುಟ್ಟ ಮುತ್ತತ್ತಿ ಯಾತ್ರೆ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಜೆ.ಪಿ. ನಗರದ ಗುರುಮೂರ್ತಿಯ ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಿದೆವು. ಮುಂದಿನ ಸೀಟಿನಲ್ಲಿ ನಮ್ಮತ್ತೆ, ಸ್ಟೀರಿಂಗ್ ಹಿಡಿದು ನಮ್ಮ ಯಜಮಾನರು, ಹಿಂದೆ ನಾನು. ನನ್ನ ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ನೀರಿನಲ್ಲಿ ತೇಲುತ್ತಿದ್ದ ಬೆಣ್ಣೆ. ಜಯನಗರದ ನಮ್ಮ ಮನೆಯಿಂದ ಮುತ್ತತ್ತಿಗೆ ನೂರು ಕಿಲೋಮೀಟರಿನ ಆಸುಪಾಸು. ಬಸ್ಸು ಬದಲಾಯಿಸಿಕೊಂಡು ಹೋದವರೂ ಮಧ್ಯಾಹ್ನ ದಾಟುವುದರೊಳಗೆ ತಲುಪುತ್ತಾರೆ. ನಾವು ತಲುಪಿದ್ದು ಮರುದಿನ. ಯಾಕೆ ಹಾಗಾಯಿತೆಂದು ಬರೆಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಯಜಮಾನರು ಕೂಸಾಗಿದ್ದಾಗ ವಿಷಮಶೀತ ಜ್ವರ ಬಂದು ಉಳಿಯುವ ಆಸೆ ಇರಲಿಲ್ಲವಂತೆ. ಮಗು ಉಳಿದರೆ ಮುತ್ತತ್ತಿಯ ಕಾವೇರಿಯಲ್ಲಿ ಮಿಂದು, ಅಲ್ಲಿನ ಆಂಜನೇಯನಿಗೆ ಮನೆಯಲ್ಲೇ ಕಡೆದ ಬೆಣ್ಣೆ ಒಪ್ಪಿಸುತ್ತೇನೆಂದು ಅತ್ತೆ ಹರಕೆ ಹೊತ್ತರು. ಮಗು ಉಳಿಯಿತು, ಓದಿತು, ಕಾರ್ಖಾನೆ ಸೇರಿತು, ರಿಟೈರೂ ಆಯಿತು. ಹರಕೆ ಮಾತ್ರ ಹಾಗೇ ನಿಂತಿತ್ತು. ಈಗ ಅತ್ತೆಗೆ ಸೊಂಟದ ಕೀಲು ಸವೆದು ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಗಂಟೆಗೊಮ್ಮೆ ಬಚ್ಚಲಿಗೆ ಹೋಗದೆ ತಡೆಯುವುದಿಲ್ಲ. ದಾರಿಯಲ್ಲಿ ಅಂಥದ್ದೊಂದು ಜಾಗ ಎಲ್ಲಿದೆ? ಗಂಡಸರಿಗೆ ಊರೆಲ್ಲ ಗೋಡೆ. ಹೆಂಗಸರಿಗೂ ಶರೀರವೊಂದಿದೆ ಎನ್ನುವುದು ರಸ್ತೆ ಮಾಡಿಸುವವರ ತಲೆಗೆ ಇನ್ನೂ ಹೋಗಿಲ್ಲ.

ಅದಕ್ಕೇ ಯಜಮಾನರು ಹಳೆಯದೊಂದು ಎರಡು ಚಕ್ರದ ಟ್ರೇಲರ್ ತಂದು, ಅದರ ಮೇಲೆ ತಗಡಿನ ಪುಟ್ಟ ಕೋಣೆ ಕಟ್ಟಿದರು. ಒಳಗೆ ಮಲಗಲು ಹಲಗೆ, ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಕಮೋಡ್ ಕುರ್ಚಿ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವುದು, ಬೇಕಾದಲ್ಲಿ ನಿಲ್ಲಿಸಿ ಅತ್ತೆಯನ್ನು ಒಳಗೆ ಹತ್ತಿಸುವುದು. ಮಳೆಗಾಲವೆಲ್ಲ ಬಯಲಲ್ಲಿ ನಿಂತ ಗಾಡಿಯಾದ್ದರಿಂದ ಎರಡೂ ಚಕ್ರದ ಬೇರಿಂಗ್ ಬದಲಾಯಿಸಲು ಗುರುಮೂರ್ತಿಗೆ ಒಪ್ಪಿಸಿದ್ದೆವು.

ನಾವು ಹೋಗುವಷ್ಟರಲ್ಲಿ ಆತ ಚಕ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಕಾಯುತ್ತಿದ್ದ. ಕರ್ಪೂರವನ್ನೂ ತಾನೇ ಹಚ್ಚಿದ. ನೋಡಿ ನನಗೂ ಸಂತೋಷವಾಯಿತು. "ಬಿಚ್ಚಿದ ಹಳೇದು ಎಲ್ಲಿ, ಕೊಡಿ," ಎಂದೆ. ಕುಕ್ಕರಿನ ಗ್ಯಾಸ್ಕೆಟ್ ಹಾಕಿಸಿದರೂ ಹಳೆಯದನ್ನು ಕೈಗೆ ಇಸಿದುಕೊಂಡೇ ಬರುವವಳು ನಾನು.

ಗುರುಮೂರ್ತಿ ಗೋಡೆ ಗಡಿಯಾರ ತೋರಿಸಿದ. "ಮೇಡಂ, ಹತ್ತೂವರೆಗೆ ರಾಹುಕಾಲ ಶುರುವಾಗತ್ತೆ. ನಿಮ್ಮಂಥ ದೈವಭಕ್ತರಿಗೆ ನಾನ್ ಹೇಳ್ಬೇಕಾ? ಹಳೇ ಕಬ್ಬಿಣ ಹುಡುಕ್ತಾ ಕೂತ್ರೆ ಒಳ್ಳೇ ಗಳಿಗೆ ಹೋಗ್ಬಿಡತ್ತೆ. ಹೊರಡಿ ಮೊದ್ಲು."

"ಅವ್ರು ಹೇಳೋದು ಸರಿ ಕಣೇ, ಜೀಪ್ ಹತ್ತು," ಎಂದರು ಯಜಮಾನರು. ಹತ್ತಿದೆ. ರಾಹುಕಾಲದಲ್ಲಿ ನಾನು ಹಾಲಿಗೆ ಹೆಪ್ಪನ್ನೂ ಹಾಕುವವಳಲ್ಲ.

ಟ್ರೇಲರ್ ಕಟ್ಟಿಕೊಂಡು, ಸಾರಕ್ಕಿ ದಾಟಿ ಕನಕಪುರ ರಸ್ತೆಗೆ ಬಿದ್ದೆವು. ಆಗಿನ್ನೂ ಅದು ಎದುರಿಗೆ ಲಾರಿ ಬಂದರೆ ಮಣ್ಣಿಗೆ ಇಳಿಯಬೇಕಾದಂಥ ರಸ್ತೆ. ವಸಂತಪುರದ ತಿರುವು ಕಳೆಯುತ್ತಲೇ ಹಿಂದಿನಿಂದ ಒಂದು ಸದ್ದು ಕೇಳಿಸಿತು, ನೀರು ಹಾಕದೆ ಬೇಳೆ ರುಬ್ಬಿದ ಹಾಗೆ. "ರೀ, ಏನೋ ಅರೀತಿದೆ," ಎಂದೆ. "ರೋಡ್ ಕಣೇ," ಎಂದರು. ತಲಘಟ್ಟಪುರದಲ್ಲಿ ಮತ್ತೆ ಹೇಳಿದೆ. "ಹೊಸಾ ಬೇರಿಂಗು, ಕೂತ್ಕೊಳ್ಳೋವರ್ಗೂ ಸದ್ದು ಮಾಡತ್ತೆ. ಮೂವತ್ತು ವರ್ಷ ಮಿಷಿನ್ ನೋಡಿದೀನಿ ನಾನು." ಆಮೇಲೆ ರಸ್ತೆ ನುಣ್ಣಗಾಯಿತು, ಸದ್ದು ನುಣ್ಣಗಾಗಲಿಲ್ಲ.

ಕಗ್ಗಲೀಪುರದಲ್ಲಿ ಅತ್ತೆಗಾಗಿ ನಿಲ್ಲಿಸಿದೆವು. ಅವರನ್ನು ಒಳಗೆ ಹತ್ತಿಸಿ ಕೆಳಗಿಳಿದಾಗ ಎಡಗಡೆಯ ಚಕ್ರದಿಂದ ಕಮರು ವಾಸನೆ ಬರುತ್ತಿತ್ತು. ಚೊಂಬಿನಿಂದ ನಾಲ್ಕು ಹನಿ ನೀರು ತೆಗೆದು ಚಕ್ರದ ನಡುವಿನ ಗುಬುಟಿನ ಮೇಲೆ ಚಿಮುಕಿಸಿದೆ. ಕಾದ ದೋಸೆ ಹೆಂಚಿನ ಮೇಲಿನಂತೆ ಚುಂಯ್ ಎಂದು ಹಾರಿಹೋಯಿತು. ಬಲಗಡೆಯದೂ ಕೈ ಇಡಲಾಗದಷ್ಟು ಬಿಸಿ. ಯಜಮಾನರೂ ಮುಟ್ಟಿ ನೋಡಿ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

ಪುಣ್ಯಕ್ಕೆ ಅಲ್ಲೇ ಹೊಂಗೆಮರದ ಕೆಳಗೆ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ಬೋರಣ್ಣನ ಶೆಡ್ ಇತ್ತು. ಮರದ ನೆರಳೂ ಇತ್ತು. ಬೋರಣ್ಣ ಬಗ್ಗಿ ನೋಡಿ, "ಊಟ ಮಾಡ್ಕಂಡು ಬತ್ತೀನಿ," ಎಂದ.

"ಅಲ್ಲಣ್ಣ, ವಯಸ್ಸಾದವರಿದಾರೆ..." ಎಂದೆ.

"ಬಿಸೀದು ಬಿಚ್ಚಕ್ಕಾಗಲ್ಲ ಕಣಕ್ಕ. ಚಕ್ರನೂ ಆರ್ಲಿ, ನನ್ ಹೊಟ್ಟೆನೂ ಆರ್ಲಿ."

ಊಟ ಮುಗಿಸಿ ಬಂದು ಬಿಚ್ಚಿದ. ನಾನು ಪಕ್ಕದಲ್ಲೇ ಕೂತೆ. ಬೇರಿಂಗ್ ಎಂದರೆ ಒಂದೇ ಸಾಮಾನಲ್ಲ, ಎರಡು ಭಾಗ ಎಂಬುದು ನನಗೆ ಗೊತ್ತಾದದ್ದು ಅಲ್ಲಿ. ಉರುಳೆಗಳಿರುವ ಬಳೆ ಒಂದು. ಅದು ಕೂತು ತಿರುಗಲು ಚಕ್ರದೊಳಗೆ ಬಡಿದು ಕೂರಿಸಿದ ಉಕ್ಕಿನ ಬಟ್ಟಲು ಇನ್ನೊಂದು. ಅದಕ್ಕೆ ಕಪ್ ಅನ್ನುತ್ತಾರೆ. ಬಳೆ ಹೊಸದೇ. ಕಪ್ ಮಾತ್ರ ತುಕ್ಕು ತಿಂದು ಗುಳಿಬಿದ್ದ ಹಳೆಯದು. ಅದರ ಮೇಲೆ ಉರುಳಿ ಉರುಳಿ ಹೊಸ ಉರುಳೆಗಳೂ ನೀಲಿಗಟ್ಟಿದ್ದವು. ಇನ್ನೊಂದು ಚಕ್ರ ಬಿಚ್ಚಿದರೆ ಅದೂ ಹಾಗೇ.

"ಕಪ್ ಕೀಳೋದು ತ್ರಾಸಿನ ಕೆಲ್ಸ ಕಣಕ್ಕ. ಹಳೇದರ ಮೇಲೇ ಗ್ರೀಸ್ ಬಳ್ದು ಮುಚ್ಚವ್ನೆ," ಎಂದ ಬೋರಣ್ಣ. "ಇನ್ನೊಂದೀಟು ದೂರ ಹೋಗಿದ್ರೆ ಚಕ್ರ ನಿಮ್ಗಿಂತ ಮುಂದೆ ಹೋಗಿರೋದು."

"ಇಷ್ಟು ಮೋಸ ಮಾಡ್ತಾರಾ?"

"ಕಬ್ಬು ಸಾಗ್ಸೋ ಟೈಮಲ್ಲಿ ನಾನೂ ಮಾಡ್ತೀನಿ. ಆದ್ರೆ ಹೇಳ್ಬುಟ್ ಮಾಡ್ತೀನಿ. ಇಂಗಿಂಗೆ ಹಾಕಿವ್ನಿ, ಫ್ಯಾಕ್ಟ್ರಿವರ್ಗೂ ಹೋಗು, ಆಮೇಲ್ ಬಾ ಅಂತ."

ಟ್ರೇಲರಿನ ಬಾಗಿಲಿನಿಂದ ಅತ್ತೆ ಇಣುಕಿದರು. "ಡಾಕ್ಟ್ರು ನನ್ ಸೊಂಟಕ್ಕೂ ಇದನ್ನೇ ಹೇಳಿದ್ರು ಕಣೇ ಕಮಲಾ. ಗುಂಡು, ಬಟ್ಟಲು, ಎರಡೂ ಹೊಸದು ಹಾಕ್ಬೇಕು ಅಂತ. ಆ ಡಾಕ್ಟ್ರಾದ್ರೂ ನಿಜ ಹೇಳಿದ."

ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ಸೋಮಾರಿತನ ಎಲ್ಲ ಕಸುಬಿನಲ್ಲೂ ಇದೆ, ಅದನ್ನು ಕ್ಷಮಿಸಬಹುದು. ನನ್ನ ಬಾಯಿ ಮುಚ್ಚಿಸಲು ಆತ ಎತ್ತಿಕೊಂಡದ್ದು ಏನನ್ನು? ನನ್ನ ನಂಬಿಕೆಯನ್ನು. ಚಕ್ರದೊಳಗೆ ಏನಿದೆಯೆಂದು ಗೊತ್ತಿದ್ದೂ ಅದೇ ಚಕ್ರಕ್ಕೆ ಕುಂಕುಮವಿಟ್ಟ. ನಾನು ರಾಹುಕಾಲಕ್ಕೆ ಹೆದರುತ್ತೇನೆ, ನಿಜ. ದೇವರಿಗೆ ಹೆದರದವನು ಅದನ್ನು ನನಗೆ ನೆನಪಿಸುವುದೆಂದರೇನು?

ಸರಿಯಾದ ಬೇರಿಂಗ್ ತರಲು ಯಜಮಾನರು ಜೀಪು ಬಿಚ್ಚಿಕೊಂಡು ಕನಕಪುರಕ್ಕೆ ಹೋದರು. ಇಟ್ಟಿಗೆಗಳ ಮೇಲೆ ನಿಂತ ಟ್ರೇಲರಿನೊಳಗೆ ಅತ್ತೆಗೆ ಮೊಸರನ್ನ ಕೊಟ್ಟು ಮಲಗಿಸಿದೆ. ಮರದ ನೆರಳು ಸರಿದು ತಗಡು ಕಾಯುತ್ತಿತ್ತು. ಬೆಣ್ಣೆ ಅಂಚಿನಲ್ಲಿ ಮೆತ್ತಗಾಗತೊಡಗಿತು. ಬೋರ್‌ವೆಲ್ಲಿನಿಂದ ತಣ್ಣೀರು ತಂದು ತಂದು ಡಬ್ಬಿಯ ನೀರು ಬದಲಾಯಿಸಿದೆ. "ಕರಗಿದ್ರೆ ಹೇಳ್ಬಿಡು, ಮುಚ್ಚಿಡಬೇಡ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಇನ್ನೊಂದ್ಸಲ ಬರೋ ಶಕ್ತಿ ನನ್ಗಿಲ್ಲ." ಕರಗಲಿಲ್ಲ. ಅಷ್ಟು ದಯೆ ಇತ್ತು.

ಬಿಸಿಲು ಇಳಿಯುವಾಗ ಯಜಮಾನರು ಬಂದರು. ಬೋರಣ್ಣ ಹಳೆಯ ಕಪ್‌ಗಳನ್ನು ಸುತ್ತಲೂ ಬಡಿದು ಬಡಿದು ಹೊರಗೆ ಬೀಳಿಸಿದ, ಚಕ್ರದ ಗುಬುಟನ್ನು ಸೀಮೆಎಣ್ಣೆಯಲ್ಲಿ ತೊಳೆದ, ಹೊಸ ಕಪ್‌ಗಳನ್ನು ಬಡಿದು ಕೂರಿಸಿದ. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಉರುಳೆಗಳ ಸಂದಿಗೆ ಒತ್ತಿ ಒತ್ತಿ ತುಂಬಿದ, ನಾವು ಬದನೆಕಾಯಿಗೆ ಮಸಾಲೆ ತುಂಬುವ ಹಾಗೆ. ನಟ್ ಬಿಗಿ ಮಾಡಿ, ಮತ್ತೆ ಒಂಚೂರು ಸಡಿಲಿಸಿ ಪಿನ್ ಹಾಕಿದ. "ತಿರುಗ್ಸಿ ನೋಡಕ್ಕ," ಎಂದ. ತಿರುಗಿಸಿದೆ. ಸದ್ದೇ ಇಲ್ಲ. "ವರ್ಸಕ್ಕೊಂದ್ಸಲ ಬಿಚ್ಚಿ ಗ್ರೀಸ್ ತುಂಬ್ಸಿ. ನಿಲ್ಸಿದ್ ಕಡೆಯೆಲ್ಲಾ ಕೈ ಇಟ್ ನೋಡಿ." ಹಳೆಯ ಕಪ್‌ಗಳನ್ನು ನಾನು ಕೇಳುವ ಮೊದಲೇ ಕಾಗದದಲ್ಲಿ ಸುತ್ತಿ ಕೊಟ್ಟ.

ಆ ರಾತ್ರಿ ಕನಕಪುರದ ಛತ್ರವೊಂದರ ಅಂಗಳದಲ್ಲಿ ತಂಗಿದೆವು. ಬೆಳಿಗ್ಗೆ ಬೇಗ ಎದ್ದು, ಸಾತನೂರಿನಲ್ಲಿ ಇಡ್ಲಿ ತಿಂದು, ಕಾಡಿನ ಇಳಿಜಾರು ಇಳಿದೆವು. ನಿಲ್ಲಿಸಿದಲ್ಲೆಲ್ಲ ನಾನು ಕೈ ಇಟ್ಟು ನೋಡಿದೆ, ಜ್ವರದ ಮಗುವಿನ ಹಣೆ ಮುಟ್ಟಿದಂತೆ. ಸ್ವಲ್ಪ ಬೆಚ್ಚಗೆ, ಅಷ್ಟೇ. ಆ ತಿರುವುಗಳನ್ನು ನೋಡಿದಾಗ, ಚಕ್ರ ಕಗ್ಗಲೀಪುರದಲ್ಲೇ ಕಾದದ್ದು ಎಷ್ಟು ದೊಡ್ಡ ಉಪಕಾರವೆಂದು ಕೈಮುಗಿದೆ.

ಮುತ್ತತ್ತಿಯಲ್ಲಿ ಅತ್ತೆಯನ್ನು ನದಿಗೆ ಇಳಿಸುವುದು ಹೇಗೆಂದು ಯೋಚನೆಯಾಯಿತು. ಕೊನೆಗೆ ಆ ಕಮೋಡ್ ಕುರ್ಚಿಯನ್ನೇ ಉಜ್ಜಿ ತೊಳೆದು, ಅವರನ್ನು ಕೂರಿಸಿ, ಆಚೆ ಈಚೆ ನಾವಿಬ್ಬರು ಹಿಡಿದು, ಆಳವಿಲ್ಲದ ಕಡೆ ನೀರಿನಲ್ಲಿಟ್ಟೆವು. ಕಾವೇರಿ ಅವರ ಸೊಂಟದವರೆಗೆ ಬಂದಳು. ಅತ್ತೆ ಮೂರು ಸಲ ತಲೆಯ ಮೇಲೆ ನೀರು ಸುರಿದುಕೊಂಡು, ಮಗನ ತಲೆಯ ಮೇಲೂ ಒಂದು ಬೊಗಸೆ ಹಾಕಿದರು. ಬೆಣ್ಣೆ ಗಟ್ಟಿಯಾಗಿಯೇ ಗರ್ಭಗುಡಿ ಸೇರಿತು.

"ನೋಡಮ್ಮ, ಶನಿವಾರ, ಆಂಜನೇಯನ ದಿನವೇ ಸಿಕ್ತು," ಎಂದರು ಯಜಮಾನರು, ಒದ್ದೆ ಪಂಚೆ ಹಿಂಡುತ್ತಾ. "ಎಲ್ಲಾ ಒಳ್ಳೇದಕ್ಕೇ ಆಯ್ತು. ಆ ಗುರುಮೂರ್ತಿ ವಿಷಯ ಬಿಟ್ಬಿಡೋಣ."

ಅತ್ತೆ ಕೂದಲು ಒರೆಸಿಕೊಳ್ಳುತ್ತಿದ್ದರು. "ಲೋ ಶ್ರೀನಿ, ದೇವರು ಕಾಪಾಡಿದ್ದು ನಮ್ಮನ್ನ. ಅವನನ್ನಲ್ಲ. ಹೋಗಿ ಕೇಳು." ಮಗ ತಲೆ ತಗ್ಗಿಸಿದ್ದು ನೋಡಿ, "ನಿನ್ ಕೈಲಿ ಆಗಲ್ಲ ಬಿಡು. ಕಮಲಾ, ನೀನು ಕೇಳು," ಎಂದರು.

ದೀಪ ಹಚ್ಚುವ ಹೊತ್ತಿಗೆ ಜೆ.ಪಿ. ನಗರ ತಲುಪಿದೆವು. ಮನೆಗೆ ಹೋಗುವ ಮೊದಲೇ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ನಾನೊಬ್ಬಳೇ ಇಳಿದು ಹಳೆಯ ಕಪ್‌ಗಳನ್ನು ಆತನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಗುರುಮೂರ್ತಿ ಅವನ್ನು ನೋಡಿದ, ಹೊರಗಿನ ಚಕ್ರಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ನಕ್ಕ.

"ಕ್ಷೇಮವಾಗಿ ಬಂದ್ರಲ್ಲ ಮೇಡಂ. ಎಲ್ಲಾ ದೇವರ ದಯೆ."

"ಹೌದು, ದೇವರ ದಯೆ," ಎಂದೆ. "ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳೋಕ್ಕೆ ಬಂದೆ."

ಆತ ಸ್ಟೂಲು ಎಳೆದು, ಕೂತ್ಕೊಳ್ಳಿ ಎಂದ. ನಾನು ನಿಂತೇ ಇದ್ದೆ.