ನೀರು ಕೇಳದ ಸದಾಫುಲಿ

“ಏನ್ರೀ ಅಕ್ಕಾರ, ಮಂದಿಗೆ ಕುಡಿಯಾಕ ನೀರಿಲ್ಲ, ನಿಮ್ಮ ಹೂವಿಗೆ ಎಲ್ಲಿಂದ ಬರ್ತದ?”

ಘಣಸೋಲಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ, ಧಾರವಾಡ ಕಡೆಯವರು, ಕಾಂಪೌಂಡಿನಲ್ಲಿ ನಾಲ್ಕು ಜನರ ಎದುರೇ ಕೇಳಿಬಿಟ್ಟರು. ಮೇ ತಿಂಗಳು. ನಳದಲ್ಲಿ ದಿನಕ್ಕೆ ಅರ್ಧ ಗಂಟೆ ನೀರು. ಉಳಿದವರ ತುಳಸಿ, ದಾಸವಾಳ ಒಣಗಿ ಕಡ್ಡಿಯಾಗಿದ್ದವು. ನೀರಿನ ಟ್ಯಾಂಕಿನ ಪಕ್ಕ ಇಟ್ಟಿದ್ದ ನನ್ನ ಆರು ಕುಂಡಗಳ ಸದಾಫುಲಿ ಮಾತ್ರ ಮೈತುಂಬ ಹೂ ಬಿಟ್ಟು ನಿಂತಿತ್ತು. ಊರಲ್ಲಿ ನಾವು ಕಾಶಿ ಕಣಗಿಲೆ ಎನ್ನುವ ಗಿಡವನ್ನೇ ಇಲ್ಲಿಯ ಮರಾಠಿಗರು ಹಾಗೆ ಕರೆಯುತ್ತಾರೆ. ಅಷ್ಟಕ್ಕೇ ನಾನು ಟ್ಯಾಂಕಿನ ನೀರು ಕದಿಯುವವಳಾದೆ!

ನಾನು ಹಾಕುತ್ತಿದ್ದದ್ದು ಕುಚ್ಚಲಕ್ಕಿ ತೊಳೆದ ನೀರು, ಅದೂ ವಾರಕ್ಕೊಮ್ಮೆ ಒಂದೊಂದು ಲೋಟ. ಹೆಚ್ಚು ಹಾಕಿದರೆ ಬೇರು ಕೊಳೆತು ಸಾಯುವ ಗಿಡ. ಇದನ್ನೆಲ್ಲ ವಿವರಿಸುವ ತಾಳ್ಮೆ ಆಗ ನನಗಿರಲಿಲ್ಲ. ಒಂದು ಕುಂಡವನ್ನೇ ಎತ್ತಿ ಅವರ ಮುಂದೆ ಹಿಡಿದೆ.

“ಬೆರಳು ಹಾಕಿ ನೋಡಿ ಮಾರಾಯ್ರೆ. ಒದ್ದೆ ಸಿಕ್ಕಿದ್ರೆ ಆರೂ ಕುಂಡ ನಾನೇ ಬಿಸಾಡ್ತೇನೆ.”

ಹಾಕಿದರು. ಬೆರಳಿಗೆ ಒಣ ಧೂಳು ಹತ್ತಿತು. ಆದರೂ ಸೋಲೊಪ್ಪಲಿಲ್ಲ. ಸಂಜೆಗೆ ನನ್ನ ಬಾಗಿಲಿಗೆ ನೋಟಿಸು ಅಂಟಿತ್ತು: ಕಾಂಪೌಂಡಿನಲ್ಲಿ ಗಿಡ ಇಡುವಂತಿಲ್ಲ. ಆರೂ ಕುಂಡಗಳನ್ನು ಮೂರನೆಯ ಮಹಡಿಯ ನನ್ನ ಮನೆಯ ಕಿಟಕಿಗೆ ಹೊತ್ತೊಯ್ದೆ. ಒಂದನ್ನೂ ಬಿಸಾಡಲಿಲ್ಲ.

ಮಳೆಗಾಲ ಕಳೆದ ಮೇಲೆ ನೋಡಿದರೆ, ಆ ಕುಂಡಗಳಿಂದ ಉದುರಿದ್ದ ಬೀಜ ನೀರಿನ ಟ್ಯಾಂಕಿನ ಕಟ್ಟೆಯ ಬಿರುಕಿನಲ್ಲೇ ಮೊಳೆತು ಹೂ ಬಿಟ್ಟಿದೆ. ಅದಕ್ಕೆ ನಾನು ಹನಿ ನೀರೂ ಹಾಕಿಲ್ಲ, ಅದನ್ನು ಕೀಳುವುದೂ ಇಲ್ಲ. ಈ ಸಲ ನೋಟಿಸನ್ನು ಯಾರ ಬಾಗಿಲಿಗೆ ಅಂಟಿಸುತ್ತಾರೋ ಅಂಟಿಸಲಿ.