ಎರಡು ಕಾರಿಗೆ ಒಂದೇ ಕಾರ್ಬೊರೇಟರ್

ಮೊದಲೇ ಒಪ್ಪಿಕೊಳ್ಳುತ್ತೇನೆ — ಹಿರೇಕೆರೂರಿನ ಗೌಡರೂ ಸವಣೂರಿನ ಸಾಹುಕಾರರೂ ಮಾತು ಬಿಟ್ಟದ್ದು ನನ್ನ ದೆಸೆಯಿಂದ. ಕಂಡವರ ದನಿಯನ್ನೆಲ್ಲ ತೆಗೆದು ನಗಿಸುವ ಬಾಯಿ ನನ್ನದು. ಅದೇ ಬಾಯಿಗೆ ಸ್ವಂತ ದನಿಯಲ್ಲಿ ಒಂದು ನಿಜ ಹೇಳಲು ಆರು ವರ್ಷ ಬೇಕಾಯಿತು.

ಎಪ್ಪತ್ತರ ದಶಕದ ಕೊನೆಗೆ ಶಿಗ್ಗಾಂವಿಯಲ್ಲಿ ಗ್ಯಾರೇಜು ತೆಗೆದೆ. ಆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವ ಗೆಳೆಯರು. ಇಬ್ಬರಿಗೂ ಫಿಯಾಟ್ ಕಾರು, ಇಬ್ಬರಿಗೂ ಓಟದ ಹುಚ್ಚು. ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬೊರೇಟರನ್ನು ದೊಡ್ಡದು ಹಾಕು, ಮುಂಬಯಿಯಿಂದ ತರಿಸು ಎಂದರು. ಇಬ್ಬರಿಂದಲೂ ದುಡ್ಡು ಇಸಕೊಂಡು ನಾನು ತರಿಸಿದ್ದು ಒಂದೇ. ಇಬ್ಬರೂ ಒಟ್ಟಿಗೆ ಓಡಿಸುತ್ತಿರಲಿಲ್ಲ, ಮತ್ತೆ ಎರಡೇಕೆ? ಯಾರು ಓಡಿಸುವರೋ ಅವರ ಕಾರು ಹಿಂದಿನ ದಿನ ನನ್ನಲ್ಲಿಗೆ ಬರುತ್ತಿತ್ತು; ಏನೋ ನೆಪ ಹೇಳಿ ಇನ್ನೊಬ್ಬರದನ್ನೂ ತರಿಸುತ್ತಿದ್ದೆ. ದೊಡ್ಡದು ಅದಕ್ಕೆ, ಹಳೆಯದು ಇನ್ನೊಂದಕ್ಕೆ. ನಮ್ಮ ಕಡೆ ಮಾಲೀಕ ತಾನಾಗಿ ಬಾನೆಟ್ ಎತ್ತಿದರೆ ಮಿಸ್ತ್ರಿಯನ್ನು ನಂಬಲಿಲ್ಲವೆಂದೇ ಅರ್ಥ. ಅವರು ಎತ್ತಲಿಲ್ಲ. ನನ್ನನ್ನು ನಂಬಿದ್ದರು — ಆ ನಂಬಿಕೆಯ ಮೇಲೆಯೇ ನನ್ನ ಜಾಣತನ ಓಡುತ್ತಿತ್ತು.

ಒಂದು ಭಾನುವಾರ ಇಬ್ಬರೂ ಜೊತೆಗೇ ಹಾನಗಲ್ಲಿನವರೆಗೆ ಪಂದ್ಯ ಕಟ್ಟಿದರು. ದೊಡ್ಡದು ಸಾಹುಕಾರರ ಕಾರಿನಲ್ಲಿತ್ತು. ಗೌಡರ ಹಳೆಯದನ್ನೇ ಪೆಟ್ರೋಲು ಹೆಚ್ಚು ಬಿಡುವಂತೆ ತಿರುವಿ, ಇದೂ ಹಾರುತ್ತದೆ ಎಂದುಕೊಂಡೆ. ಎಂಥ ಎಂಜಿನಿಯರು ನಾನು! ಅರ್ಧ ದಾರಿಯಲ್ಲಿ ಕಪ್ಪು ಹೊಗೆ ಕಕ್ಕಿ ಕಾರು ನಿಂತುಬಿಟ್ಟಿತು. ನೋಡಲು ಬಂದಿದ್ದ ಜನ ನಕ್ಕರು.

ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. "ಖರೇ ಹೇಳು ಮಲ್ಲ್ಯಾ. ಇದರಾಗ ಸಾಹುಕಾರನ ಕೈ ಐತೇನು?"

ಇಲ್ಲ ಎನ್ನಬೇಕಿತ್ತು. ಹಾಗೆಂದಿದ್ದರೆ ಮುಂದಿನ ಪ್ರಶ್ನೆ — ಹಾಗಾದರೆ ಯಾರದು? ನನ್ನ ಗ್ಯಾರೇಜು ಕಣ್ಣ ಮುಂದೆ ಬಂತು.

"ನನಗೇನ ಗೊತ್ತರೀ, ಗೌಡ್ರ" ಎಂದೆ.

ಅಷ್ಟು ಸಾಕಾಯಿತು. ಗೆಳೆಯನೇ ಕಾರಿಗೆ ಕೈಯಾಡಿಸಿದ್ದಾನೆ, ಮಿಸ್ತ್ರಿ ಅವನಿಗೆ ಅಂಜಿ ಹೇಳುತ್ತಿಲ್ಲ ಎಂದು ಗೌಡರು ತೀರ್ಮಾನಿಸಿದರು. ಅವರ ಮನೆಯ ಮದುವೆಗೆ ಸಾಹುಕಾರರಿಗೆ ಕರೆಯೋಲೆ ಹೋಗಲಿಲ್ಲ. ನಾನು ಹೋಗಿ ಹೋಳಿಗೆ ಉಂಡು ಬಂದೆ — ಸಾಹುಕಾರರ ಎಲೆಯಲ್ಲಿ ಉಂಡಂತೆಯೇ ಅನ್ನಿ.

ಕಳೆದ ತಿಂಗಳು ಹಿರೇಕೆರೂರಿಗೆ ಹೋಗಿ, ಗೌಡರ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ. ಹೇಳುವಾಗ ಚಾಳಿ ಬಿಡಲಿಲ್ಲ ನೋಡಿ — ಪಂದ್ಯದ ದಿನ ಗೌಡರು ಮುಖ ತಿರುಗಿಸಿದಾಗ ಸಾಹುಕಾರರು ಆಡಿದ ಮಾತು ಅವರದೇ ದನಿಯಲ್ಲಿ ಬಂದುಬಿಟ್ಟಿತು: "ಗೌಡಾ, ನನ್ನ ಮ್ಯಾಲೆ ಸಂಶೇ ಪಡ್ತಿಯೇನೋ?"

ಗೌಡರು ಅಡಕೊತ್ತು ಕೆಳಗಿಟ್ಟರು. ನನ್ನ ಬಾಯನ್ನೇ ನೋಡಿದರು.

"ಆರು ವರ್ಷ ಆತು ಅಂವನ ದನಿ ಕೇಳಿ. ಅದನ್ನೂ ನಿನ್ನ ಬಾಯಾಗ ಕೇಳೂದಾತು. ಏಳು, ಸವಣೂರಿಗೆ ಹೋಗೂಣು. ಅಲ್ಲಿ ಅಂವಾ ಮಾತಾಡ್ತಾನ, ನೀ ಸುಮ್ಮನ ಕುಂದ್ರು."