ಡಿಕ್ಕಿ ತೆರೆಯುವ ಐದನೆಯ ದಾರಿ

ಎಡವಟ್ಟು ಶುರುವಾದದ್ದು ಭಾನುವಾರ ಮಧ್ಯಾಹ್ನ ಎರಡು ಗಂಟೆ ನಲವತ್ತೆರಡು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿನಲ್ಲಿ ನಾನು ಷಡ್ಡಕನ ಹೊಸ ಕಾರಿನ ಡಿಕ್ಕಿಯ ಗುಂಡಿ ಒತ್ತುವುದನ್ನು ನನ್ನ ಹೆಂಡತಿ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಾಳೆ. ಮಾಡು ಎಂದು ಕೇಳಿಕೊಂಡವನು ನಾನೇ. ಹನ್ನೊಂದು ಸೆಕೆಂಡಿನ ಆ ವಿಡಿಯೋದಲ್ಲಿ ನಲವತ್ತೆಂಟು ವರ್ಷದ ಭೌತಶಾಸ್ತ್ರದ ಉಪನ್ಯಾಸಕನೊಬ್ಬ ರಿಬ್ಬನ್ ಕತ್ತರಿಸಲು ಬಂದ ಮಂತ್ರಿಯ ಹಾಗೆ ನಗುತ್ತಾ ನಿಂತಿದ್ದಾನೆ. ಅವನ ಹಿಂದೆ ಬಾಗಿಲು ತನ್ನಷ್ಟಕ್ಕೆ, ಗಾಂಭೀರ್ಯದಿಂದ, ಕೆಳಗಿಳಿಯುತ್ತಿದೆ.

ನನ್ನ ಹೊಟ್ಟೆಕಿಚ್ಚಿನ ಕಥೆ ಮೊದಲು ಹೇಳಿಬಿಡುತ್ತೇನೆ. ಹರೀಶ ನನ್ನ ಹೆಂಡತಿಯ ತಂಗಿಯ ಗಂಡ. ಕೆಲಸ ಮಸ್ಕತ್ತಿನಲ್ಲಿ. ಈ ಸಲ ರಜೆಗೆ ಬಂದವನು ಏಳು ಸೀಟಿನ ದೊಡ್ಡ ಕಾರು ಕೊಂಡು ಕಾರ್ಕಳದ ಅತ್ತೆಮನೆಯ ಅಂಗಳದಲ್ಲಿ ನಿಲ್ಲಿಸಿದ. ಅಂದಿನಿಂದ ನನ್ನ ಹಳೆಯ ಕಾರು ಗೇಟಿನ ಹೊರಗೆ. ಹೊಸ ಕಾರಿನ ಎತ್ತರವನ್ನು ಕ್ಷಮಿಸಿದೆ, ಬಣ್ಣವನ್ನು ಕ್ಷಮಿಸಿದೆ. ಕ್ಷಮಿಸಲಾಗದೆ ಉಳಿದದ್ದು ಡಿಕ್ಕಿ.

“ಇದನ್ನು ತೆರೆಯಲಿಕ್ಕೆ ನಾಲ್ಕು ದಾರಿ ಉಂಟು ಭಾವ,” ಎಂದು ಅವನು ಮೊದಲ ದಿನವೇ ನನ್ನನ್ನು ಕಾರಿನ ಹಿಂದೆ ಕರೆದೊಯ್ದ. ಕೈಯಲ್ಲಿರುವ ಕೀಯಿಂದ ತೆರೆಯಬಹುದು. ಚಾಲಕನ ಸೀಟಿನಲ್ಲೇ ಕುಳಿತು ಗುಂಡಿ ಒತ್ತಬಹುದು. ಹಿಂದೆ ನಂಬರ್ ಪ್ಲೇಟಿನ ಮೇಲೊಂದು ಗುಂಡಿ. ನಾಲ್ಕನೆಯದನ್ನು ಅವನು ಬಾಯಲ್ಲಿ ಹೇಳಲಿಲ್ಲ. ಕೀ ಜೇಬಿನಲ್ಲಿಟ್ಟು, ಎರಡೂ ಕೈಗಳಲ್ಲಿ ತೆಂಗಿನಕಾಯಿ ಹಿಡಿದು, ಬಂಪರಿನ ಕೆಳಗೆ ಕಾಲು ಬೀಸಿದ. ಬಾಗಿಲು ಎದ್ದು ನಿಂತಿತು.

“ಎಂತ ಮಾರಾಯ, ಕೈ ಇಲ್ಲದವರಿಗೆ ಮಾಡಿದ್ದಾ ಇದು?” ಎಂದೆ.

“ಅಲ್ಲ ಭಾವ, ಕೈ ತುಂಬ ಇರುವವರಿಗೆ.”

ಅವನು ಸಹಜವಾಗಿ ಹೇಳಿದ್ದು. ನನಗೆ ಎರಡು ದಿನ ಊಟ ಸೇರಲಿಲ್ಲ.

ನನ್ನ ಕಾರಿನ ಡಿಕ್ಕಿಗೆ ಒಂದೇ ದಾರಿ. ಬೀಗದ ತಂತಿ ತುಂಡಾಗಿ ಮೂರು ವರ್ಷವಾಯಿತು. ಹಿರಿಯಡ್ಕದ ಗ್ಯಾರೇಜಿನವರು ಒಳಗಿನ ಕೊಂಡಿಗೆ ನೈಲಾನ್ ಹಗ್ಗ ಕಟ್ಟಿ, ತುದಿಯನ್ನು ಹಿಂದಿನ ಸೀಟಿನ ಮೇಲೆ ಇಳಿಬಿಟ್ಟು, “ಸದ್ಯಕ್ಕೆ ಹೀಗಿರಲಿ” ಎಂದಿದ್ದರು. ಆ ಸದ್ಯ ಇನ್ನೂ ಮುಗಿದಿಲ್ಲ. ನಾನು ಹೊರಗಿನಿಂದ ಎರಡು ಸಲ ತಟ್ಟಬೇಕು, ಒಳಗಿದ್ದವರು ಹಗ್ಗ ಎಳೆಯಬೇಕು. ನಮ್ಮ ಜೊತೆ ಅತ್ತೆ ಬಂದಾಗಲೆಲ್ಲ ಆ ಹುದ್ದೆ ಅವರದು. ಎಪ್ಪತ್ತೊಂದರ ಹೆಂಗಸು, ಬಾವಿಯಿಂದ ನೀರು ಸೇದುವಷ್ಟೇ ಸಲೀಸಾಗಿ ಎಳೆಯುತ್ತಿದ್ದರು.

ಯೋಚಿಸಿ ನೋಡಿ, ಮನುಷ್ಯನ ಅಂತಸ್ತು ಕಾಣುವುದು ವಾಹನದ ಮುಂಭಾಗದಲ್ಲಲ್ಲ, ಹಿಂಭಾಗದಲ್ಲಿ. ನಾನು ಚಿಕ್ಕವನಿದ್ದಾಗ ಬೆಳ್ಮಣ್ ಬಸ್ಸಿನ ಹಿಂದೆ ಏಣಿ ಇತ್ತು. ಕೆಳಗಿನಿಂದ ಒಬ್ಬ ಎತ್ತಿ ಕೊಟ್ಟ ಮೂಟೆ ಹೊತ್ತು ಕಂಡಕ್ಟರ್ ಹತ್ತುತ್ತಿದ್ದ. ಮಾವನ ಅಂಬಾಸಿಡರಿನ ಡಿಕ್ಕಿ ಬೀಳದಂತೆ ಇನ್ನೊಬ್ಬರು ಕೋಲು ಆನಿಸಬೇಕಿತ್ತು. ಎಲ್ಲದಕ್ಕೂ ಇಬ್ಬರು ಬೇಕಿತ್ತು. ಈಗ ಒಬ್ಬನ ಒಂದು ಪಾದ ಸಾಕು. ಇದು ನಾಗರಿಕತೆಯ ಬಗ್ಗೆ ನಾನು ಕಂಡುಕೊಂಡ ಸತ್ಯ ಎಂದು ಹೆಂಡತಿಗೆ ವಿವರಿಸಿದೆ. “ನಿಮಗೆ ಹೊಟ್ಟೆಕಿಚ್ಚು,” ಎಂದಳು ಸುಜಾತಾ. ಮಣಿಪಾಲದ ನಮ್ಮ ಫ್ಲಾಟಿನ ಕೆಳಗೆ, ಯಾರೂ ಇಲ್ಲದಾಗ, ನಾನು ನನ್ನ ಕಾರಿನ ಅಡಿಗೆ ಕಾಲು ಬೀಸಿ ನೋಡಿದ್ದೂ ಉಂಟು. ವಾಚ್‌ಮನ್ ಓಡಿಬಂದು, “ಸರ್, ಕಾಲಿಗೆ ಎಂತ ಆಯಿತು?” ಎಂದು ಕೇಳಿದ.

ಆ ಭಾನುವಾರ ಕಾಪುವಿನಲ್ಲಿ ನೆಂಟರ ಗೃಹಪ್ರವೇಶ. ಎಲ್ಲರೂ ಹರೀಶನ ಕಾರಿನಲ್ಲಿ ಹೋದೆವು. ಅತ್ತೆ ತಾವು ಸಣ್ಣ ಆಳೆಂದು ಹಟ ಹಿಡಿದು ಕೊನೆಯ ಸಾಲಿನಲ್ಲಿ ಕುಳಿತರು. ಅಲ್ಲಿಂದ ಹೊರಬರಬೇಕಾದರೆ ಮುಂದಿನ ಸಾಲಿನ ಸೀಟನ್ನು ಯಾರಾದರೂ ಮಡಚಿ ಕೊಡಬೇಕು. ಅವರು ಲಾಡು ತುಂಬಿಸಿ ಒಯ್ದಿದ್ದ ಸ್ಟೀಲ್ ಡಬ್ಬಿಯನ್ನು, ಬರಿದಾಗಿ ಹಿಂದೆ ಕೊಡಬಾರದೆಂದು, ಮನೆಯವರು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು. ಡಬ್ಬಿ ಡಿಕ್ಕಿ ಸೇರಿತು.

ಊಟವಾದ ಮೇಲೆ ಕಡಲು ನೋಡುವ ಆಸೆ. ಮೊಣಕಾಲು ನೋವಿನ ಅತ್ತೆ ಮರಳಿನ ದಾರಿ ನೋಡಿ, “ಹೊಯಿಗೆಯಲ್ಲಿ ನಡೆಯಲು ನನ್ನಿಂದಾಗದು. ಹತ್ತು ನಿಮಿಷ ಅಲ್ವಾ, ಹೋಗಿ ಬನ್ನಿ. ಒಳಗೆ ಎಸಿಯ ತಂಪು ಇನ್ನೂ ಇದೆ,” ಎಂದರು. ನೀರಿಗಿಳಿಯುವ ಉತ್ಸಾಹದಲ್ಲಿ ಹರೀಶ ಕೀಯನ್ನು ನನ್ನ ಕೈಗಿತ್ತ. “ಒದ್ದೆ ಮಾಡಬೇಡಿ ಭಾವ.” ನನಗೂ ನೀರಿಗಿಳಿಯಬೇಕು. ತೆರೆದ ಡಿಕ್ಕಿಯ ಮುಂದೆ ಒಬ್ಬನೇ ನಿಂತು, ಕೀ ಇಡಲು ಭದ್ರವಾದ ಜಾಗಕ್ಕಾಗಿ ಸುತ್ತ ನೋಡಿದೆ. ಡಬ್ಬಿಯ ಸಕ್ಕರೆಯ ಮೇಲೆ ಕೀ ಇಟ್ಟು ಮುಚ್ಚಳ ಬಿಗಿಯಾಗಿ ಒತ್ತಿದೆ. ಆಮೇಲೆ ಸುಜಾತಳನ್ನು ಕರೆದೆ, ವಿಡಿಯೋ ಮಾಡಿಸಿದೆ, ಗುಂಡಿ ಒತ್ತಿದೆ.

ಕೀ ಒಳಗಿದ್ದರೆ ಆ ಕಾರು ಬೀಗ ಹಾಕಿಕೊಳ್ಳುವುದಿಲ್ಲ. ಕೀ ದೂರ ಹೋಯಿತೆಂದು ಅನಿಸಿದರೆ ತಾನಾಗಿ ಹಾಕಿಕೊಳ್ಳುತ್ತದೆ. ಮುಚ್ಚಿದ ಲೋಹದ ಡಬ್ಬಿಯಿಂದ ರೇಡಿಯೋ ಅಲೆ ಹೊರಬರುವುದು ಕಷ್ಟ. ಇದನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ಬರೆಯದವರ ಅಂಕ ಕಳೆಯುತ್ತೇನೆ.

ಹತ್ತು ನಿಮಿಷ ಎಂದು ಹೋದವರು ಮರಳಿದ್ದು ಇಪ್ಪತ್ತು ನಿಮಿಷಕ್ಕೆ. ಹಿಂದಿನ ಗಾಜಿನಲ್ಲಿ ಅತ್ತೆಯ ಅಂಗೈ ಕಂಡಿತು. ಸುಜಾತಾ ನಗುತ್ತಾ ತಾನೂ ಕೈಬೀಸಿದಳು. ಹತ್ತಿರ ಬಂದಾಗ ತಿಳಿಯಿತು, ಅತ್ತೆ ಕೈಬೀಸುತ್ತಿರಲಿಲ್ಲ, ಗಾಜು ಬಡಿಯುತ್ತಿದ್ದರು. ಮುಖ ಬೆವರಿನಿಂದ ತೊಯ್ದಿತ್ತು.

ಹರೀಶ ಬಾಗಿಲು ಜಗ್ಗಿದ. “ಭಾವ, ಕೀ?”

“ಒಳಗೆ ಉಂಟು.”

“ಒಳಗಿದ್ದರೆ ಲಾಕ್ ಆಗುವುದೇ ಇಲ್ಲ ಭಾವ!”

ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಇನ್ನೊಂದು ಕೀ ಕಾರ್ಕಳದಲ್ಲಿ. ಅತ್ತೆಯ ತಲೆ ಸೀಟಿನ ಹಿಂದಕ್ಕೆ ವಾಲಿ ಕಾಣದಾಯಿತು. ಸುಜಾತಾ “ಅಮ್ಮಾ” ಎಂದು ಕಿರುಚಿದಳು. ಹರೀಶ ಕಲ್ಲು ಹುಡುಕಿ ಓಡಿದ. ಇಷ್ಟೆಲ್ಲ ನಡೆಯುವಾಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಬಂಪರಿನ ಕೆಳಗೆ ಕಾಲು ಬೀಸುತ್ತಿದ್ದೆ. ಕೀ ಇಲ್ಲದೆ ಅದು ತೆರೆಯದೆಂದು ಗೊತ್ತಿದ್ದೂ, ಮತ್ತೆ ಮತ್ತೆ.

ಹರೀಶ ಕಲ್ಲೆತ್ತಿ ಮುಂದಿನ ಗಾಜಿಗೆ ಗುರಿ ಇಟ್ಟಾಗ ಹಿಂದೆ ಟಕ್ ಎಂದಿತು. ಡಿಕ್ಕಿ ನಾಲ್ಕು ಬೆರಳು ಮೇಲೆದ್ದಿತು. ನಾವು ಎತ್ತಿದೆವು. ಅತ್ತೆ ಸೀಟಿನ ಮೇಲಿಂದ ಹಿಂದಕ್ಕೆ ಬಾಗಿದ್ದರು, ಕೂದಲು ಬಿಚ್ಚಿಹೋಗಿತ್ತು, ಕೈಯಲ್ಲಿ ಹೇರ್‌ಪಿನ್.

“ಎಂತ ಕಾರು ಮಾರಾಯ್ರೆ ಇದು, ಹಗ್ಗವೇ ಇಲ್ಲ!” ಎಂದರು. “ಹುಡುಕಿ ಹುಡುಕಿ ಸಾಕಾಯಿತು.”

ಹಗ್ಗಕ್ಕಾಗಿ ತಡಕಾಡಿದ ಕೈಗೆ ಬಾಗಿಲಿನ ಒಳಮೈಯಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿತ್ತು. ಹೇರ್‌ಪಿನ್ನಿನಿಂದ ಎಬ್ಬಿಸಿದರೆ ಒಳಗೊಂದು ಸಣ್ಣ ಹಿಡಿ. ಅದನ್ನು ಎಳೆದಿದ್ದರು. ಹರೀಶನಿಗೂ ತಿಳಿಯದ ಐದನೆಯ ದಾರಿ.

ಎಲ್ಲರೂ ಅವರಿಗೆ ಬೊಂಡದ ಎಳನೀರು ಕುಡಿಸುತ್ತಿದ್ದಾಗ ನಾನು ಡಬ್ಬಿಯಿಂದ ಕೀ ತೆಗೆದೆ, ಸಕ್ಕರೆ ಒರೆಸಿದೆ, “ಇಲ್ಲೇ ಇತ್ತು” ಎಂದು ಹರೀಶನಿಗೆ ಕೊಟ್ಟೆ. ಅವನು ಆ ವಾರವೆಲ್ಲ ಶೋರೂಮಿನವರ ಜೊತೆ ಜಗಳವಾಡಿದ. ಅವರು ಕಂಪ್ಯೂಟರ್ ಹಚ್ಚಿ ನೋಡಿ, ದೋಷವೇ ಇಲ್ಲವೆಂದರು. “ಈ ಕಾರು ನನಗೆ ಬೇಡ ಭಾವ, ಮಾರಿಬಿಡುತ್ತೇನೆ. ನೋಡಿದರೆ ಹೆದರಿಕೆ ಆಗುತ್ತದೆ,” ಎಂದ. ನಿಮ್ಮಲ್ಲಿ ಮುಚ್ಚಿಡುವುದಿಲ್ಲ: ನನ್ನ ಭಯದ ಅಡಿಯಲ್ಲೆಲ್ಲೋ ಒಂದು ತಣ್ಣನೆಯ ಸಂತೋಷ ಸುಳಿಯಿತು. ಅಂಗಳದಲ್ಲಿ ನನ್ನ ಕಾರಿಗೆ ಮತ್ತೆ ಜಾಗ ಸಿಗುತ್ತದೆ.

ಕಣ್ಣು ಮುಚ್ಚಿದರೆ ಮಾತ್ರ ಗಾಜಿನ ಮೇಲೆ ಅಂಗೈ. ನನ್ನಿಂದಾಗಿ ಸುಜಾತಳಿಗೂ ನಿದ್ದೆಯಿಲ್ಲ. “ನೀವು ಮಲಗಿದಲ್ಲೇ ಕಾಲು ಬೀಸುತ್ತೀರಿ,” ಎಂದಳು. “ನನಗೆ ಎರಡು ಸಲ ತಾಗಿತು.”

ಮರುವಾರದ ಬುಧವಾರ ಕಾಲೇಜು ಮುಗಿಸಿ ಕಾರ್ಕಳಕ್ಕೆ ಹೋದೆ. ಅತ್ತೆ ಬಸಳೆ ಬಿಡಿಸುತ್ತಿದ್ದರು, ಹರೀಶ ಪಕ್ಕದಲ್ಲಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ.

ಅತ್ತೆ ತಲೆ ಎತ್ತಲಿಲ್ಲ. “ನನಗೆ ಗೊತ್ತಿತ್ತು. ಹಿಂದೆ ಕುಳಿತವಳಿಗೆ ಕಾಣುವುದಿಲ್ವಾ? ಮುಚ್ಚಳ ಹಾಕಿದ್ದೂ ಕಂಡೆ, ಗುಂಡಿ ಒತ್ತುವಾಗ ನಿಮ್ಮ ಮುಖವನ್ನೂ ಕಂಡೆ. ಮದುವೆಯ ದಿನ ಕೂಡ ನೀವು ಅಷ್ಟು ನಗಲಿಲ್ಲ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

“ಅದು ನೀವು ಹೇಳಬೇಕಾದದ್ದಲ್ವಾ?”

ಹರೀಶ ಎದ್ದ. ಒಳಗಿನಿಂದ ಅದೇ ಡಬ್ಬಿ ತಂದು, ಕೀ ಹಾಕಿ, ಮುಚ್ಚಿ, ಕಾರಿನೊಳಗಿಟ್ಟು ಬಾಗಿಲು ಹಾಕಿದ. ತುಸು ಹೊತ್ತಿಗೆ ಕಾರು ಕಣ್ಣು ಮಿಟುಕಿಸಿ ಬೀಗ ಹಾಕಿಕೊಂಡಿತು. ಅವನು ಜೇಬಿನಿಂದ ಇನ್ನೊಂದು ಕೀ ತೆಗೆದು ತೆರೆದ. “ಪಾಪ, ಆ ಶೋರೂಮಿನವರಿಗೆ ಎಷ್ಟು ಬೈದೆ! ನೀವೇ ಫೋನ್ ಮಾಡಿ ಹೇಳಿ ಭಾವ. ಈಗಲೇ.” ಮಾಡಿದೆ. ಅತ್ತ ಕಡೆಯ ಹುಡುಗಿ, “ಏನು ಕೆಲಸ ಮಾಡುತ್ತೀರಿ ಸರ್?” ಎಂದು ಕೇಳಿದಳು. ಅದಕ್ಕೂ ನಿಜವನ್ನೇ ಹೇಳಬೇಕಾಯಿತು.

ಹೊರಡುವಾಗ ಹರೀಶ ಗೇಟಿನವರೆಗೆ ಬಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ನನ್ನ ಕಾರಿನ ಹಿಂದಿನ ಸೀಟಿಗೆ ಇಣುಕಿ, “ಭಾವ, ಒಮ್ಮೆ ಎಳೆಯಲಾ?” ಎಂದ. ಒಳಗೆ ಕುಳಿತ. ನಾನು ಎರಡು ಸಲ ತಟ್ಟಿದೆ. ಡಿಕ್ಕಿ ಎದ್ದಿತು. ಅದರೊಳಗಿಂದ ಕಂಡ ಅವನ ಮುಖದಲ್ಲಿ, ನನ್ನ ಹನ್ನೊಂದು ಸೆಕೆಂಡಿನ ನಗೆಯೇ ಇತ್ತು.

ಅವನೀಗ ಕಾರು ಮಾರುವುದಿಲ್ಲವಂತೆ. ಅತ್ತೆಯ ಅಪ್ಪಣೆಯಂತೆ ಆ ಸಣ್ಣ ಹಿಡಿಗೆ ಒಂದು ಹಗ್ಗ ಕಟ್ಟಿಸುತ್ತಾನಂತೆ, ಕೆಂಪು ಬಣ್ಣದ್ದು, ಹೊಸದು. ನನ್ನ ಹಗ್ಗ ಮಾಸಿ ಯಾವ ಬಣ್ಣವೆಂದೂ ತಿಳಿಯದಂತಾಗಿದೆ. ಮಣಿಪಾಲದವರೆಗೂ ದಾರಿಯುದ್ದಕ್ಕೂ ಅದೇ ಯೋಚನೆ.

ಮರುದಿನ, ಗುರುವಾರ, ಬೆಳಗ್ಗೆ ಎಚ್ಚರವಾದಾಗ ಗಂಟೆ ಏಳು ಕಳೆದಿತ್ತು. ಸುಜಾತಾ ಇನ್ನೂ ಮಲಗಿದ್ದಳು. ಕಣ್ಣು ಬಿಟ್ಟವಳೇ ಹೊದಿಕೆ ಸರಿಸಿ ನನ್ನ ಪಾದಗಳನ್ನು ನೋಡಿದಳು.

“ನಿನ್ನೆ ರಾತ್ರಿ ಇವು ಸುಮ್ಮನಿದ್ದವು,” ಎಂದಳು.